ಎನಿಡ್ ಬಾರ್‌ಸ್ಟೋಳ ಮೂವತ್ತು ದಿನದ ಕಾನೂನು

ಹ್ಯಾಗ್‌ಥೋರ್ಪ್ ಊರಿನಲ್ಲಿ ಎನಿಡ್ ಬಾರ್‌ಸ್ಟೋಳ ಬಗ್ಗೆ ಒಳ್ಳೆಯ ಮಾತಾಡುವವರು ಯಾರೂ ಇರಲಿಲ್ಲ. ಅದರಿಂದ ಅವಳಿಗೇನೂ ನಷ್ಟವಾದಂತೆ ಕಾಣುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಉಣ್ಣೆ ಗಿರಣಿ ಸೇರಿದವಳು ನಲವತ್ತೈದು ವರ್ಷ ಮಗ್ಗಗಳ ಗದ್ದಲದಲ್ಲಿ ಅರ್ಧ ಕಿವಿ ಕಳೆದುಕೊಂಡು, ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದಳು. ಬೀದಿಯ ಆ ತುದಿಯಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟಿದರೆ ಈ ತುದಿಯಿಂದಲೇ ಉತ್ತರ ಕೊಡುತ್ತಿದ್ದಳು. ಅಂಥವಳ ಮನೆಗೆ ಚಹಾಕ್ಕೆ ಯಾರು ಬಂದಾರು?

ಗಂಡ ಕ್ಲಿಫರ್ಡ್ ಸಾಯುವಾಗ ಬಿಟ್ಟುಹೋದದ್ದು ಸಾಲುಮನೆಯೊಂದನ್ನು, ಹಿತ್ತಿಲಿನ ಮರದ ಹಕ್ಕಿಮನೆಯನ್ನು, ಮತ್ತು ಅದರೊಳಗೆ ಇಪ್ಪತ್ತೆರಡು ವರ್ಷ ಜೋಡಿ ಕೂಡಿಸಿ ಕೂಡಿಸಿ ತಂದ ಬೂದುಬಣ್ಣದ ಬಡ್ಜಿ ಎಂಬ ಪುಟ್ಟ ಗಿಣಿಗಳ ತಳಿಯನ್ನು. ಎನಿಡ್ ಆ ತಳಿಯನ್ನು ಗಂಡನಿಗಿಂತ ಚೆನ್ನಾಗಿ ನೋಡಿಕೊಂಡಳು. ಗಂಡನನ್ನು ನೋಡಿಕೊಂಡದ್ದಕ್ಕಿಂತಲೂ ಚೆನ್ನಾಗಿ ನೋಡಿಕೊಂಡಳು ಎಂದರೂ ತಪ್ಪಿಲ್ಲ. ಅವಳದು ಒಂದೇ ಕಾನೂನು. ಹೊರಗಿನಿಂದ ಬಂದ ಹಕ್ಕಿ ಮೂವತ್ತು ದಿನ ಬೇರೆ ಕೋಣೆಯಲ್ಲಿರಬೇಕು. ಅಲ್ಲಿಯವರೆಗೆ ಅದು ಹಕ್ಕಿಯಲ್ಲ, ರೆಕ್ಕೆ ಬಂದ ರೋಗ. ಹಕ್ಕಿ ಸಾಕುವವರ ಸಂಘದ ಸಭೆಯಲ್ಲಿ ಎದ್ದುನಿಂತು ಈ ಕಾನೂನು ಮುರಿದವರ ಹೆಸರು ಹಿಡಿದು ಮಾನ ಕಳೆಯುತ್ತಿದ್ದಳು.

ಆ ವರ್ಷ ವಸಂತದಲ್ಲಿ ತಂಗಿ ಆಲಿವ್ ಗಂಡನನ್ನು ಕಳೆದುಕೊಂಡು ಎರಡು ಪೆಟ್ಟಿಗೆ ಹಿಡಿದು ಅಕ್ಕನ ಮನೆಗೆ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿದವಳು, ಮೆತ್ತಗಿನ ಹೆಂಗಸು. ಮಕ್ಕಳಿಲ್ಲ. ಎನಿಡ್ ಅವಳಿಗೆ ಮುಂದಿನ ಕೋಣೆ ಕೊಟ್ಟಳು, ಜೊತೆಗೆ ದಿನಕ್ಕೆ ಹತ್ತು ಕೊಂಕು ಮಾತು ಕೊಟ್ಟಳು. ಚಹಾ ತೆಳ್ಳಗಾಯಿತು, ಬಾಗಿಲು ಜೋರಾಗಿ ಹಾಕಿದೆ, ಸತ್ತವನಿಗೆ ಇನ್ನೆಷ್ಟು ದಿನ ಅಳುತ್ತೀ. ಆಲಿವ್ ಎಲ್ಲವನ್ನೂ ನುಂಗಿಕೊಂಡಳು. ಸೆಪ್ಟೆಂಬರ್ ಮೊದಲ ವಾರ ಮಾತ್ರ, ಯಾರನ್ನೂ ಕೇಳದೆ, ಮಾರ್ಕೆಟ್ಟಿನಿಂದ ಒಂದು ಪಂಜರ ಹೊತ್ತುಕೊಂಡು ಬಂದಳು.

ಎನಿಡ್ ಬಾಗಿಲಲ್ಲೇ ಅಡ್ಡ ನಿಂತಳು.

"ಏನೇ ಅದು?"

"ಹಕ್ಕಿ. ನಿನಗೆ ಗೊತ್ತಾಗಲ್ವಾ? ಮನೆ ತುಂಬಾ ಅದೇ ಇಟ್ಕೊಂಡಿದೀಯ."

"ನಂದು ಹಕ್ಕಿ. ಇದು ಮಾರ್ಕೆಟ್ ಕಸ. ಒಂದು ಡಬ್ಬದಲ್ಲಿ ನಲವತ್ತು ತುಂಬಿರ್ತಾನೆ ಆ ಮಾರೋನು, ಒಂದರ ಹೇಲು ಇನ್ನೊಂದು ತಿಂತಿರತ್ತೆ. ವಾಪಸ್ ಕೊಟ್ಟು ಬಾ."

"ಕೊಡಲ್ಲ."

"ಏನಂದೆ?"

"ಕಿವಿ ಕೇಳಲ್ಲ ಸರಿ, ತುಟಿ ಕಾಣ್ಸತ್ತಲ್ಲ, ನೋಡು. ಕೊ-ಡ-ಲ್ಲ. ಈ ಮನೇಲಿ ನನ್ನ ಹತ್ರ ಮಾತಾಡೋಕೆ ಒಂದು ಜೀವ ಬೇಕು ಎನಿಡ್. ನೀನಂತೂ ಆಗಲಿಲ್ಲ."

ಅಷ್ಟು ಉದ್ದದ ಮಾತನ್ನು ತಂಗಿ ಆಡಿದ್ದು ಎನಿಡ್ ಕೇಳಿರಲಿಲ್ಲ. ದಾರಿ ಬಿಟ್ಟಳು, ಆದರೆ ಕಾನೂನು ಹೇರಿಯೇ ಬಿಟ್ಟಳು. ಹಕ್ಕಿ ಮುಂದಿನ ಕೋಣೆ ಬಿಟ್ಟು ಬರಕೂಡದು. ಆಲಿವ್ ಹಿತ್ತಿಲಿಗೆ ಕಾಲಿಡಕೂಡದು. ಹಕ್ಕಿ ಮುಟ್ಟಿದ ಮೇಲೆ ಕಾರ್ಬಾಲಿಕ್ ಸೋಪಿನಲ್ಲಿ ಮೊಣಕೈವರೆಗೆ ತೊಳೆಯಬೇಕು, ಏಪ್ರನ್ ಬದಲಿಸಬೇಕು, ಆಮೇಲೆ ಅಡುಗೆಮನೆ. ಆಲಿವ್‌ಳ ಕೈ ಒಂದು ವಾರದಲ್ಲಿ ಕೆಂಪಗೆ ಬಿರಿಯಿತು. ಎನಿಡ್ ಅದನ್ನು ನೋಡಿದಳು. ಹಕ್ಕಿ ಮುಟ್ಟಿದ ಕೈ ಎಂದು ತಂಗಿ ಮಾಡಿದ ಪೈ ತಿನ್ನದೆ ಬ್ರೆಡ್ಡು ತಿಂದು ಮಲಗಿದಳು.

ಮೂವತ್ತೊಂದನೆಯ ದಿನ ಮುಂದಿನ ಕೋಣೆಗೆ ನುಗ್ಗಿ ಆ ನೀಲಿ ಹಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಪರೀಕ್ಷೆ ಮಾಡಿದಳು. ಮೂಗಿನ ತೂತು ಒಣಗಿತ್ತು. ಕೊಕ್ಕಿನ ಬುಡದಲ್ಲಿ, ಕಾಲಿನಲ್ಲಿ ಹುರುಪೆ ಇರಲಿಲ್ಲ. ಬಾಲದ ಕೆಳಗೆ ಅಂಟಿದ ಹಿಕ್ಕೆ ಇರಲಿಲ್ಲ. ಎದೆಮೂಳೆಯ ಎರಡೂ ಕಡೆ ಮಾಂಸ ತುಂಬಿತ್ತು. ಕಿವಿಗೆ ಹಿಡಿದು ಉಸಿರು ಕೇಳಿದಳು, ಅವಳ ಅರ್ಧ ಕಿವಿಗೆ ಕೇಳಿಸಿದಷ್ಟು ಅದೂ ಸರಿಯಾಗಿಯೇ ಇತ್ತು. ತಪ್ಪು ಸಿಗದ್ದಕ್ಕೆ ಅವಳಿಗೆ ಸಿಟ್ಟು ಬಂತು.

"ಪಾಸಾಯ್ತಾ?" ಎಂದಳು ಆಲಿವ್.

"ಕೆಲವು ರೋಗ ಒಳಗೇ ಕೂತಿರತ್ತೆ. ಹಿತ್ತಿಲಿಗೆ ಬರಬೇಡ."

ಅಕ್ಟೋಬರ್ ನಡುವಿಗೆ ಸಂಘದ ಪ್ರದರ್ಶನ. ಹಾಲ್ ತುಂಬಾ ಒಂದೇ ಅಳತೆಯ ಪಂಜರಗಳು, ಹೊರಗೆ ಕಪ್ಪು, ಒಳಗೆ ಬಿಳಿ, ಯಾರ ಹಕ್ಕಿ ಯಾವುದೆಂದು ತೀರ್ಪುಗಾರನಿಗೆ ಗೊತ್ತಾಗದ ಹಾಗೆ. ಮುನ್ನೂರು ಹಕ್ಕಿ ಎರಡು ದಿನ ಪಂಜರಕ್ಕೆ ಪಂಜರ ತಾಗುವಷ್ಟು ಹತ್ತಿರ ಕೂತು ಒಂದರ ಧೂಳು ಇನ್ನೊಂದು ಉಸಿರಾಡಿದವು. ಎನಿಡ್‌ಳ ಬೂದು ಗಂಡು ಎಲ್ಲಕ್ಕಿಂತ ಮೇಲಿನ ಬಹುಮಾನ ಗೆದ್ದಿತು. ಬಾಯ್ತುಂಬ ಹೊಗಳಬೇಕಾದ ಸಂಘದವರು ಹಲ್ಲು ಕಚ್ಚಿಕೊಂಡು ಚಪ್ಪಾಳೆ ತಟ್ಟಿದರು. ಅವಳು ಹಕ್ಕಿಯನ್ನು ಮನೆಗೆ ತಂದು, ಕೋಟು ಸಹ ಬಿಚ್ಚದೆ ಹಿತ್ತಿಲಿಗೆ ಹೋಗಿ, ಅದನ್ನು ಅದರ ಬಳಗದ ನಡುವೆ ಹಾರಲು ಬಿಟ್ಟಳು. ಊರಿನಲ್ಲಿ ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು. ಗೆದ್ದ ಹಕ್ಕಿ ತಮ್ಮದಲ್ಲವೇ, ಮನೆಗೆ ಬಂದಿದೆಯಲ್ಲವೇ.

ಹದಿನೇಳು ದಿನ ಕಳೆದವು. ಒಂದು ಬೆಳಗ್ಗೆ ಹೆಣ್ಣು ಹಕ್ಕಿಯೊಂದು ಮೈ ಉಬ್ಬಿಸಿಕೊಂಡು ನೆಲದ ಮೇಲೆ ಕೂತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕೆಳಗಿನ ಹಿಕ್ಕೆ ಹಸಿರಾಗಿ ನೀರಾಗಿತ್ತು. ಸಂಜೆಗೆ ಅದು ಸತ್ತಿತು. ಶನಿವಾರದ ಹೊತ್ತಿಗೆ ಐದು ಸತ್ತಿದ್ದವು. ಅದರಲ್ಲಿ ಎರಡು ಕ್ಲಿಫರ್ಡ್ ಕೈಯಾರೆ ಜೋಡಿ ಮಾಡಿದ ಕೊನೆಯ ಗೂಡಿನವು. ಎನಿಡ್ ಅಳಲಿಲ್ಲ. ಅವಳಿಗೆ ಅಳು ಬರುವ ಜಾಗದಲ್ಲಿ ಬೈಗುಳ ಬರುತ್ತಿತ್ತು.

"ನಿನ್ನ ಆ ಪೀಡೆ! ನಾನು ಅವತ್ತೇ ಹೇಳಿದ್ದೆ."

"ನನ್ನ ಹಕ್ಕಿ ಆರೋಗ್ಯವಾಗಿದೆ ಎನಿಡ್. ಒಂಬತ್ತು ವಾರ ಆಯ್ತು. ನೀನೇ ಹಿಡಿದು ನೋಡಿದೀಯ."

"ನಿನ್ನ ಕೈಯಿಂದ ಬಂದಿದೆ. ನಿನ್ನ ಬಟ್ಟೆಯಿಂದ ಬಂದಿದೆ."

"ನಾನು ಹಿತ್ತಿಲಿಗೆ ಹೋಗೇ ಇಲ್ಲ! ಒಗೆದ ಬಟ್ಟೆ ಒಣಗ್ಸೋಕೂ ಬಿಟ್ಟಿಲ್ಲ ನೀನು. ಅಡುಗೆಮನೇಲಿ ಒದ್ದೆ ಬಟ್ಟೆ ನೇತು ಹಾಕ್ಕೊಂಡು ಕೂತಿದೀನಿ."

"ಹಾಗಾದ್ರೆ ಗಾಳೀಲಿ ಬಂತು. ಅದನ್ನ ತೊಲಗಿಸು."

"ಅದು ಹೋದ್ರೆ ನನಗೆ ಇನ್ನೇನಿದೆಯೇ?" ಎಂದಳು ಆಲಿವ್. ಕೂಗಿ ಹೇಳಲಿಲ್ಲ. ಹಕ್ಕಿಮನೆಯಲ್ಲಿ ಇನ್ನೊಂದು ಉಬ್ಬಿಕೊಂಡು ಕೂತಿದೆಯೇ ಎಂದು ಹಿತ್ತಿಲಿನ ಕಡೆ ಮುಖ ತಿರುಗಿಸಿದ್ದ ಎನಿಡ್‌ಗೆ ಆ ಮಾತು ತಲುಪಲೇ ಇಲ್ಲ.

ಭಾನುವಾರ ಆಲಿವ್ ಟೋಪಿ ಹಾಕಿಕೊಂಡು ಪ್ರಾರ್ಥನೆಗೆ ಹೋದಳು. ಎನಿಡ್ ಮುಂದಿನ ಕೋಣೆಗೆ ಹೋಗಿ ಪಂಜರದ ಬಾಗಿಲು ತೆಗೆದಳು. ಮನುಷ್ಯರ ಕೈಗೆ ಒಗ್ಗಿದ ಹಕ್ಕಿ, ತಾನಾಗಿಯೇ ಬಂದು ಅವಳ ಬೆರಳ ಮೇಲೆ ಕೂತಿತು. ಅವಳಿಗೆ ಕೆಲಸ ಗೊತ್ತಿತ್ತು, ಅರೆಕ್ಷಣದಲ್ಲಿ ಮುಗಿಯಿತು. ತನ್ನ ಎರಡು ಸತ್ತ ಹಕ್ಕಿಗಳ ಜೊತೆ ಅದನ್ನೂ ಪೇಪರಿನಲ್ಲಿ ಸುತ್ತಿಟ್ಟಳು. ಸೋಮವಾರ ಪಶುವೈದ್ಯನಿಂದ ಕುಯ್ಯಿಸಿ, ರೋಗ ಇದರದೇ ಎಂದು ಕಾಗದದಲ್ಲಿ ಬರೆಸಿಕೊಂಡು ಬಂದು ತಂಗಿಯ ಮೂಗಿನ ಕೆಳಗೆ ಹಿಡಿಯಬೇಕೆಂದಿದ್ದಳು.

ಆಲಿವ್ ಬಂದು ಖಾಲಿ ಪಂಜರ ನೋಡಿದಳು.

"ಎಲ್ಲಿ?"

"ಮೇಜಿನ ಮೇಲೆ, ಪೇಪರ್‌ನಲ್ಲಿ. ಬಿಚ್ಚಬೇಡ, ಡಾಕ್ಟರ್‌ಗೆ ಬೇಕು."

ಆಲಿವ್ ಬಿಚ್ಚಲಿಲ್ಲ. ಕೋಟು ಟೋಪಿ ಸಮೇತ ಕುರ್ಚಿಯಲ್ಲಿ ಕೂತವಳು ಕತ್ತಲಾಗುವವರೆಗೆ ಏಳಲಿಲ್ಲ. ಎನಿಡ್ ಎರಡು ಸಲ ಆ ದಾರಿಯಲ್ಲಿ ಓಡಾಡಿದಳು, ಬೈಯಲಿ ಎಂದು ಕಾದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಪಶುವೈದ್ಯ ಪಿಕರ್ಸ್‌ಗಿಲ್ ಇನ್ನೂ ಎಳೆಯ, ಹಸುಗಳ ಡಾಕ್ಟರು, ಹಕ್ಕಿಯ ಗಂಧಗಾಳಿ ಇಲ್ಲದವನು ಎಂದು ಎನಿಡ್ ಸಂಘದಲ್ಲೆಲ್ಲ ಸಾರಿದ್ದಳು. ಗುರುವಾರ ಅವನು ಕರೆಸಿದ.

"ನಿಮ್ಮ ಎರಡು ಬೂದು ಹಕ್ಕಿಗಳದ್ದು ಗಿಣಿಜ್ವರ, ಮಿಸೆಸ್ ಬಾರ್‌ಸ್ಟೋ. ಲಿವರ್ ಊದಿಕೊಂಡಿದೆ. ಇದು ಮನುಷ್ಯರಿಗೂ ಬರತ್ತೆ, ಕೆಮ್ಮು ಜ್ವರ ಬಂದ್ರೆ ನಿಮ್ಮ ಡಾಕ್ಟರ್‌ಗೆ ಹೇಳಿ, ಸುಮ್ಮನೆ ಕೂತ್ಕೋಬೇಡಿ."

"ಮತ್ತೆ ನೀಲಿದು?"

"ಅದಕ್ಕೇನೂ ಇಲ್ಲ. ನಾನು ಎಲ್ಲಾ ಕಡೆ ಹುಡುಕಿದೆ. ಯಾರೋ ಬಹಳ ಮುತುವರ್ಜಿಯಿಂದ ಸಾಕಿದಾರೆ. ಅದು ಹೇಗೆ ಸತ್ತಿತು?"

ಎನಿಡ್ ಆ ಪ್ರಶ್ನೆ ಕೇಳಿಸದವಳ ಹಾಗೆ ಕೂತಳು. ಕಿವಿ ಕೆಟ್ಟವರಿಗೆ ಅಷ್ಟು ಅನುಕೂಲ ಇರುತ್ತದೆ.

"ಇತ್ತೀಚೆಗೆ ಹೊರಗಿನ ಹಕ್ಕಿ ಏನಾದ್ರೂ ಒಳಗೆ ಬಿಟ್ರಾ?" ಎಂದ ಅವನು, ಜೋರಾಗಿ.

"ನನ್ನ ಹಕ್ಕಿಮನೆಗೆ? ಹೊರಗಿನದು? ನನ್ನ ಕಾನೂನು ಊರಿಗೇ ಗೊತ್ತು."

"ಹೊರಗೆ ಹೋಗಿ ವಾಪಸ್ ಬಂದದ್ದು?"

ಅವಳು ಕೈಚೀಲದ ಕೊಂಡಿ ಹಾಕಿದಳು. ಆಮೇಲೆ, "ಅದು ನನ್ನದೇ ಹಕ್ಕಿ" ಎಂದಳು.

"ಅದು ರೋಗಕ್ಕೆ ಗೊತ್ತಾಗಲ್ವಲ್ಲ. ಪ್ರದರ್ಶನದಲ್ಲಿ ನಿಮ್ಮ ಅಕ್ಕಪಕ್ಕ ಇದ್ದ ಇಬ್ಬರು ಕೂಡ ಸತ್ತ ಹಕ್ಕಿ ತಂದಿದ್ರು. ನಿಮ್ಮ ಗೆದ್ದ ಗಂಡು ಹೊರಗೆ ಚೆನ್ನಾಗೇ ಕಾಣಿಸ್ತಿರಬಹುದು. ಔಷಧಿ ಬೆರೆಸಿದ ಕಾಳು ಕೊಡ್ತೀನಿ, ಎಲ್ಲಕ್ಕೂ ನಲವತ್ತೈದು ದಿನ ತಿನ್ನಿಸಿ. ಅದೂ ಬದುಕತ್ತೆ, ಉಳಿದವೂ ಬದುಕ್ತವೆ."

ಬಸ್ಸಿನಲ್ಲಿ ಕಾಳಿನ ಚೀಲ ತೊಡೆಯ ಮೇಲಿಟ್ಟುಕೊಂಡು ಎನಿಡ್ ಸುಳ್ಳೊಂದನ್ನು ಕಟ್ಟಿದಳು. ಮೂರಕ್ಕೂ ಇತ್ತಂತೆ ಎಂದರೆ ಮುಗಿಯಿತು, ಆಲಿವ್ ಯಾವ ವೈದ್ಯನನ್ನೂ ಕೇಳಲು ಹೋಗುವವಳಲ್ಲ. ಸುಳ್ಳು ಗಟ್ಟಿಯಾಗಿಯೇ ಇತ್ತು. ಆದರೆ ಜನರನ್ನು ಜೀವಮಾನವೆಲ್ಲ ಹರಿದು ತಿಂದ ಈ ಹೆಂಗಸು ಹಕ್ಕಿಯ ವಿಷಯದಲ್ಲಿ ಒಂದು ದಿನವೂ ಸುಳ್ಳಾಡಿದವಳಲ್ಲ. ಬಾಗಿಲು ತೆರೆಯುವಷ್ಟರಲ್ಲಿ ಅದು ಬಾಯಿಗೆ ಬರದಂತಾಯಿತು.

ಆಲಿವ್ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು.

"ನಿನ್ನ ಹಕ್ಕಿಗೆ ಏನೂ ಇರಲಿಲ್ಲ. ರೋಗ ತಂದದ್ದು ನನ್ನ ಗಂಡು ಹಕ್ಕಿ, ಪ್ರದರ್ಶನದಿಂದ. ಒಳಗೆ ಬಿಟ್ಟವಳು ನಾನು" ಎಂದಳು ಎನಿಡ್.

"ಅದನ್ನೂ ಕುತ್ತಿಗೆ ಮುರೀತೀಯಾ?"

"ಇಲ್ಲ. ಔಷಧಿ ಇದೆ."

"ಓ. ಔಷಧಿ ಇದೆ" ಎಂದಳು ಆಲಿವ್.

"ಇನ್ನೊಂದು ಕೊಡ್ತೀನಿ ಕಣೇ. ಮಾರ್ಚ್‌ನಲ್ಲಿ ಮರಿ ಆಗ್ತವೆ. ಮೊದಲನೇ ಗೂಡಿಂದ ನೀನೇ ಆರಿಸ್ಕೋ. ಅಂಥಾ ಹಕ್ಕಿನ ನಾನು ಯಾರಿಗೂ ಕೊಟ್ಟಿಲ್ಲ."

ಆಲಿವ್ ಅಕ್ಕನ ಕಡೆ ತಿರುಗಿದಳು. "ತಗೋತೀನಿ. ನನ್ನದರ ಹೆಸರು ಏನಿತ್ತು ಹೇಳು, ತಗೋತೀನಿ."

ಎನಿಡ್ ಬಾಯಿ ತೆರೆದಳು. ತನ್ನ ಪ್ರತಿ ಹಕ್ಕಿಯ ಕಾಲುಂಗುರದ ನಂಬರು, ಅದರ ತಾಯಿಯದು, ಅಜ್ಜಿಯದು, ಅವಳಿಗೆ ನಿದ್ದೆಯಲ್ಲೂ ಬಾಯಿಪಾಠವಿತ್ತು. ಒಂಬತ್ತು ವಾರ, ದಿನಕ್ಕೆ ನೂರು ಸಲ, ಒಂದು ಗೋಡೆಯ ಆಚೆ ತಂಗಿ ಯಾರನ್ನೋ ಹೆಸರು ಹಿಡಿದು ಕರೆದಿದ್ದಳು, ಮುದ್ದು ಮಾಡಿದ್ದಳು, ಗದರಿದ್ದಳು. ಆ ಹೆಸರಿನ ಮೊದಲ ಅಕ್ಷರವೂ ಎನಿಡ್‌ಗೆ ಸಿಗಲಿಲ್ಲ.

ನೀರು ಕುದಿಯಿತು. ಆಲಿವ್ ಒಂದೇ ಒಂದು ಕಪ್ ತೆಗೆದು, ತನಗೆ ಚಹಾ ಬಗ್ಗಿಸಿಕೊಂಡು, ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.