ಲೋಕಯ್ಯನವರ ಅರ್ಧ ಗ್ಲಾಸ್ ಬಿಯರು

ಉಡುಪಿ ಕಡೆಯ ಲೋಕಯ್ಯನವರು ಅಮೆರಿಕದ ಸ್ಯಾಂಟಾ ಕ್ಲಾರಿಟಾದಲ್ಲಿ ಸ್ಕೂಲ್ ಬಸ್ ಓಡಿಸುತ್ತಿದ್ದರು. ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗುವ ಮನುಷ್ಯ. ೧೯೯೬ರಲ್ಲಿ ಬಸ್ ಕಂಪನಿಯವರು ಡ್ರೈವರುಗಳನ್ನೆಲ್ಲ ಗ್ಲೆಂಡೇಲಿನ ಆಫೀಸಿಗೆ ಕರೆಸಿ ಕುಡಿತದ ಬಗ್ಗೆ ಪ್ರಶ್ನೆ ಕೇಳಿದರು.

ಕುಡಿದದ್ದಕ್ಕೆ ಎಂದಾದರೂ ಪಶ್ಚಾತ್ತಾಪವಾಗಿದೆಯೇ? ಲೋಕಯ್ಯನವರಿಗೆ ಭಾವಮೈದ ಸಂದೇಶನ ಗೃಹಪ್ರವೇಶ ನೆನಪಾಯಿತು. ಅಲ್ಲಿ ಯಾರದೋ ಒತ್ತಾಯಕ್ಕೆ ಅರ್ಧ ಗ್ಲಾಸ್ ಬಿಯರ್ ಕುಡಿದು, ವಾರವಿಡೀ ದೇವರ ಕೋಣೆಗೆ ಕಾಲಿಟ್ಟಿರಲಿಲ್ಲ. ಹೌದು ಎಂದರು. ಯಾರಾದರೂ ಆಕ್ಷೇಪಿಸಿದ್ದಾರೆಯೇ? ಹೆಂಡತಿ ವಾರಿಜಾ ಈಗಲೂ ಆಕ್ಷೇಪಿಸುತ್ತಾಳೆ. ಹೌದು. ಬಿಡಬೇಕು ಅನ್ನಿಸಿತ್ತೇ? ಅಂದೇ ಬಿಟ್ಟಿದ್ದರು. ಅದಕ್ಕೂ ಹೌದು.

ಪಕ್ಕದಲ್ಲಿದ್ದ ಬಿಳಿಯ ಡ್ರೈವರ್ ಗ್ಯಾರಿ ದಿನಾ ಸಂಜೆ ಹೆಂಡತಿಯ ಜೊತೆ ಕೂತು ಬಿಯರ್ ಕುಡಿಯುವವನು. ಪಶ್ಚಾತ್ತಾಪವೂ ಇಲ್ಲ, ಆಕ್ಷೇಪವೂ ಇಲ್ಲ. ಅವನು ಪಾಸಾದ. ಲೋಕಯ್ಯನವರ ಬಸ್ಸಿನ ಕೀ ತೆಗೆದುಕೊಂಡು ಅವರನ್ನು ಕುಡಿತ ಬಿಡಿಸುವ ಕ್ಲಾಸಿಗೆ ಕಳಿಸಿದರು.

ಕ್ಲಾಸಿನಲ್ಲಿ ಒಬ್ಬ ತಾನು ಕಾರನ್ನು ಈಜುಕೊಳಕ್ಕೆ ಇಳಿಸಿದ ಕತೆ ಹೇಳಿದ. ಲೋಕಯ್ಯನವರು ತಮ್ಮ ಅರ್ಧ ಗ್ಲಾಸಿನ ಕತೆ ಹೇಳಿದರು.

"ನಾಚಿಕೊಳ್ಳಬೇಡಿ, ಪೂರ್ತಿ ಹೇಳಿ," ಎಂದು ಆತ ಬೆನ್ನು ಸವರಿದ.

ಸಾಕ್ಷಿ ಹೇಳಲೆಂದು ಲೋಕಯ್ಯನವರು ವಾರಿಜಾಳನ್ನು ಕರೆತಂದರು. ಕ್ಲಾಸು ನಡೆಸುತ್ತಿದ್ದವಳು ಡಾರ್ಲೀನ್ ಎಂಬ ಕಪ್ಪು ಅಮೆರಿಕನ್ ಹೆಂಗಸು. "ಇವರ ಕುಡಿತದಿಂದ ಮನೆಯಲ್ಲಿ ತೊಂದರೆ ಆಗಿದೆಯಾ?" ಎಂದು ಕೇಳಿದಳು.

"ಆಗದೆ? ನನ್ನ ಅಪ್ಪನ ಎದುರೇ ಕುಡಿದದ್ದು ಇವರು. ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ," ಎಂದಳು ವಾರಿಜಾ.

"ಎಷ್ಟು ಸಲ?"

"ಒಂದು ಸಲ. ಸಾಲದಾ?"

ಲೋಕಯ್ಯನವರು ಕಣ್ಣು ಮುಚ್ಚಿಕೊಂಡರು. ಡಾರ್ಲೀನ್ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕಳು.

"ನಮ್ಮ ಚರ್ಚಿನ ಅಜ್ಜಿಯಂದಿರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಈ ಪ್ರಶ್ನೆಗಳು ಅಳೆಯುತ್ತಿರುವುದು ಕುಡಿತವನ್ನಲ್ಲ, ಮನೆಯವರ ಸಿಟ್ಟನ್ನು. ಯಾರ ಕಡೆಯ ಜನ ಕುಡಿತಕ್ಕೆ ಹೆಚ್ಚು ಹೆದರುತ್ತಾರೋ ಅವರೇ ನನ್ನ ಕ್ಲಾಸಿಗೆ ಬಂದು ಬೀಳುತ್ತಾರೆ."

ಅವಳು ಕಂಪನಿಯವರ ಜೊತೆ ಜಗಳಕ್ಕೇ ಇಳಿದಳು. ಕೊನೆಗೆ ಎಲ್ಲರನ್ನೂ ಮತ್ತೆ ಕರೆಸಿ, ಕಳೆದ ತಿಂಗಳು ಎಷ್ಟು ಕುಡಿದಿರಿ ಎಂದು ನೇರವಾಗಿ ಕೇಳಿದರು. ಲೋಕಯ್ಯನವರು ಏನೂ ಇಲ್ಲ ಎಂದರು. ಗ್ಯಾರಿಯೂ ಪ್ರಾಮಾಣಿಕನೇ. "ಶನಿವಾರ ಭಾನುವಾರ ಸೇರಿಸಿಯೋ, ಬಿಟ್ಟೋ?" ಎಂದು ವಿಚಾರಿಸಿದ.

ಬಸ್ಸು ಲೋಕಯ್ಯನವರಿಗೆ ವಾಪಸು ಸಿಕ್ಕಿತು, ಗ್ಯಾರಿಗೆ ಕ್ಲಾಸು ಸಿಕ್ಕಿತು. ಮೊದಲ ದಿನ ಒಬ್ಬನೇ ಹೋಗಲು ಹಿಂಜರಿದ ಅವನನ್ನು ಲೋಕಯ್ಯನವರೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೊರಟರು. ವಾರಿಜಾ ಬಿಸಿ ಗೋಳಿಬಜೆಯ ಡಬ್ಬಿ ತಂದುಕೊಟ್ಟಳು.

"ಇದು ಡಾರ್ಲೀನಿಗೆ. ಗ್ಯಾರಿಗೆ ಮಾತ್ರ ಕೊಡಬೇಡಿ, ಇದರ ಜೊತೆ ಅವನಿಗೆ ಬಿಯರ್ ಬೇಕು ಅನ್ನಿಸೀತು."