ಹೊರಗೆ ಹೋದ ಮಗು ಬರುವ ತನಕ

ಪಾಸ್‌ಪೋರ್ಟಿನಲ್ಲಿ ಹೆಸರು ತಪ್ಪಾಗಬಹುದಿತ್ತು. ಏಜೆಂಟ್ ಮೈಸೂರಿನ ತನ್ನ ಆಫೀಸಿಗೆ ಬೀಗ ಜಡಿದು ಮಾಯವಾಗಬಹುದಿತ್ತು. ವಿಮಾನ ಸಮುದ್ರಕ್ಕೆ ಬೀಳಬಹುದಿತ್ತು. ಬೀಳದೆ ಇಳಿದರೂ ಅಲ್ಲಿಂದ ದ್ವೀಪಕ್ಕೆ ಹೋಗುವ ದೋಣಿ ಮಗುಚಬಹುದಿತ್ತು. ದ್ವೀಪವೇ ಮುಳುಗಬಹುದಿತ್ತು, ಅಂಥ ಸಾಧ್ಯತೆ ಇದೆಯೆಂದು ಎಲ್ಲೋ ಓದಿದ್ದೆ. ಮೂರು ಹೊತ್ತೂ ಮೀನು ತಿನ್ನುವ ಊರಿನಲ್ಲಿ ನನ್ನ ಹೆಂಡತಿ ಬರೀ ಉಪ್ಪಿನಕಾಯಿ ಅನ್ನ ತಿಂದು ಸೊರಗಬಹುದಿತ್ತು. ಇಲ್ಲಿ ನಾನು ಮಾಡಿದ ಸಾರು ತಿಂದು ನಾನೂ ಮಗಳೂ ಆಸ್ಪತ್ರೆ ಸೇರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವಳಿಗೆ ಆ ಊರು ಹಿಡಿಸಿಬಿಡಬಹುದಿತ್ತು.

ಇಷ್ಟನ್ನೆಲ್ಲ ಯೋಚಿಸಿದ್ದ ನಾನು ದೆವ್ವ ಭೂತದ ಬಗ್ಗೆ ಮಾತ್ರ ಒಂದು ಕ್ಷಣವೂ ತಲೆ ಕೆಡಿಸಿಕೊಂಡಿರಲಿಲ್ಲ. ಅದೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಹೆದರುವ ಜಾತಿ ನಂದು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂದು ಊರೆಲ್ಲ ನಂಬಿದಾಗ ನಗುತ್ತಿದ್ದವನು ನಾನೊಬ್ಬನೇ. ಗುಂಡ್ಲುಪೇಟೆಯ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಜನ ಯಾವ ಯಾವ ರೀತಿಯಲ್ಲಿ ಸಾಯುತ್ತಾರೆ ಎಂದು ದಿನವೂ ಓದುವವನಿಗೆ ಸತ್ತ ಮೇಲಿನದು ಚಿಂತೆಯ ವಿಷಯವಾಗಿ ಕಾಣುವುದಿಲ್ಲ. ಹೀಗಿದ್ದ ನಾನು ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ಚಾಮರಾಜನಗರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ನನ್ನ ಹೆಂಡತಿ ಮಂಗಳಾ ಗುಂಡ್ಲುಪೇಟೆಯ ಖಾಸಗಿ ಹೈಸ್ಕೂಲೊಂದರಲ್ಲಿ ಇಂಗ್ಲಿಷು, ಸಮಾಜ ಎರಡನ್ನೂ ಹೇಳಿಕೊಡುತ್ತಿದ್ದಳು. ಹೇಳಿಕೊಡುವುದರಲ್ಲಿ ಅವಳನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇರಲಿಲ್ಲ. ಗಂಡನ ಮಾತು ಎಂದು ತಳ್ಳಿಹಾಕಬೇಡಿ, ಅವಳ ಹೆಡ್‌ಮಾಸ್ಟರೇ ಹೇಳುತ್ತಿದ್ದರು. ಹೇಳಿ, ಪ್ರತಿ ಬೇಸಿಗೆಯಲ್ಲೂ ಅವಳನ್ನು ಕೆಲಸದಿಂದ ಬಿಡಿಸಿ ಜೂನ್‌ನಲ್ಲಿ ಮತ್ತೆ ಕರೆಯುತ್ತಿದ್ದರು. ಹಂಗಾಮಿ ಟೀಚರ್ ಎಂದರೆ ಹಾಗೆ. ಸರ್ಕಾರಿ ಕೆಲಸಕ್ಕೆ ವಯಸ್ಸು ಮೀರಿತ್ತು. ಸ್ಟಾಫ್ ರೂಮಿನಲ್ಲಿ ಅವಳಿಗೆಂದು ಒಂದು ಕುರ್ಚಿಯೂ ಇರಲಿಲ್ಲ. ರಜೆ ಹಾಕಿದವರ ಕುರ್ಚಿಯಲ್ಲಿ ಕೂರುತ್ತಿದ್ದಳು.

ಆಗ ಆ ದ್ವೀಪ ದೇಶದ ಸುದ್ದಿ ಬಂತು. ಅಲ್ಲಿ ಶಾಲೆಗಳಿದ್ದವು, ಮಕ್ಕಳಿದ್ದರು, ಟೀಚರುಗಳು ಮಾತ್ರ ಇರಲಿಲ್ಲವಂತೆ. ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳಲ್ಲೂ ಇರಲಿಲ್ಲ, ಆದರೆ ಮಂಗಳಾಳನ್ನು ಹುಡುಕಿಕೊಂಡು ಸಮುದ್ರ ದಾಟಿ ಬಂದವರು ಅವರು. ಮೈಸೂರಿನಲ್ಲಿ ಮಾತಿನ ಸಂದರ್ಶನ ಮುಗಿಯಿತು. ಮುಂದಿನದು ಪಾಠ ಮಾಡಿ ತೋರಿಸುವುದು. ಏಜೆಂಟ್‌ಗೆ ಚಾಮರಾಜನಗರದ ಒಂದು ಶಾಲೆಯ ಆಡಳಿತದವರ ಪರಿಚಯವಿದ್ದುದರಿಂದ ಭಾನುವಾರ ಮಧ್ಯಾಹ್ನ ಅಲ್ಲಿಗೆ ಬರಹೇಳಿದ. ತೆರಕಣಾಂಬಿ ದಾಟುವವರೆಗೂ ನಾನು ಬಸ್ಸಿನಲ್ಲಿ ದೋಣಿಯ ವಿಷಯವನ್ನೇ ಎತ್ತುತ್ತಿದ್ದೆ.

"ರೀ, ದೋಣಿ ಮುಳುಗಿದ್ರೆ ಈಜ್ಕೊಂಡು ಬರ್ತೀನಿ, ಸುಮ್ನಿರಿ," ಎಂದಳು. ಹಿಂದಿನ ಸೀಟಿನವರು ನಕ್ಕರು. ಅವಳು ಕಿಟಕಿಯ ಕಡೆ ತಿರುಗಿ, ಮೆಲ್ಲಗೆ, "ಒಂದ್ಸಲನಾದ್ರೂ ನನ್ನ ಯಾರಾದ್ರೂ ಪೂರ್ತಿ ಟೀಚರ್ ಅನ್ಲಿ ಅಂತ ಇದೆ ಕಣ್ರೀ," ಎಂದಳು. ದೋಣಿಯ ಮಾತನ್ನು ಅಲ್ಲಿಗೆ ಬಿಟ್ಟೆ.

ಶಾಲೆ ಹಳೆಯ ಹೆಂಚಿನ ಕಟ್ಟಡ. ಸುತ್ತ ಎತ್ತರದ ಗೋಡೆ, ಮೇಲೆ ಗಾಜಿನ ಚೂರು. ಇರುವುದೊಂದೇ ಗೇಟು, ಅದರ ಪಕ್ಕದ ಕಲ್ಲಿನ ಮೇಲೆ ಜವಾನ ಮಾದಯ್ಯ ಕೂತಿದ್ದ. ಬೇರೆ ಅಭ್ಯರ್ಥಿಗಳೆಲ್ಲ ಮುಗಿಸಿ ಹೋದರು. ಏಜೆಂಟ್ ಊಟಕ್ಕೆಂದು ಪೇಟೆ ಕಡೆ ಹೋದ. ಕೊನೆಯದು ಮಂಗಳಾಳ ಸರದಿ. ದ್ವೀಪದಿಂದ ಬಂದಿದ್ದ ಅಧಿಕಾರಿ ನನಗಿಂತ ಹಿರಿಯ ಹೆಂಗಸು. ತಲೆಗೆ ಬಟ್ಟೆ ಕಟ್ಟಿದ್ದರು. ಮೂವತ್ತು ವರ್ಷ ತಾವೂ ಪಾಠ ಮಾಡಿದವರಂತೆ. ಭಾನುವಾರವಾದ್ದರಿಂದ ಮಕ್ಕಳಿಲ್ಲ, ಇದ್ದಾರೆಂದುಕೊಂಡು ಪಾಠ ಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿ ಮೂಲೆಯ ಕುರ್ಚಿಯಲ್ಲಿ ಕೂತರು. ನನಗೆ ಒಳಗೆ ಪ್ರವೇಶವಿರಲಿಲ್ಲ. ತೆರೆದ ಬಾಗಿಲ ಹೊಸ್ತಿಲ ಮೇಲೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ ಕಾಲು ಚಾಚಿ ಕೂತೆ.

ಮಳೆಗಾಲದ ಗಾಳಿಯ ಪಾಠ. ಮಂಗಳಾ ಬೋರ್ಡಿನ ಮೇಲೆ ಸಮುದ್ರ ಬರೆದಳು. ನಮ್ಮ ಘಟ್ಟ ಬರೆದಳು. ಸಮುದ್ರದ ನಡುವೆ ಸೀಮೆಸುಣ್ಣದಲ್ಲಿ ಚುಕ್ಕಿ ಚುಕ್ಕಿ ಇಟ್ಟಾಗ ಆ ಅಧಿಕಾರಿ ಮುಗುಳ್ನಕ್ಕರು. ಖಾಲಿ ಬೆಂಚುಗಳನ್ನು ಪ್ರಶ್ನೆ ಕೇಳಿದಳು. ಮೊದಲಿಗೆ ಸಂಕೋಚದಿಂದ ಕೇಳಿದಳು, ಆಮೇಲೆ ಆಮೇಲೆ ನಿಜಕ್ಕೂ ಕೇಳತೊಡಗಿದಳು. ಉತ್ತರಕ್ಕೆ ಕಾಯುವಳು. ಒಮ್ಮೆ ನಕ್ಕಳು ಕೂಡ. ಚೆನ್ನಾಗಿ ನಟಿಸುತ್ತಾಳಲ್ಲ ಎಂದುಕೊಂಡೆ. ಬಿಸಿಲು ಜೋರಿತ್ತು. ಹೊರಗೆ ಒಂದು ಕಾಗೆಯ ಸದ್ದೂ ಇರಲಿಲ್ಲ ಎಂಬುದನ್ನು ಆಗ ಗಮನಿಸಿ, ಸುಮ್ಮನೆ ಗಮನಿಸಿದ್ದಕ್ಕೇ ನನಗೆ ಕಸಿವಿಸಿಯಾಯಿತು.

ನಮ್ಮ ಕಡೆ ಶಾಲೆಗೆ ಹೋದವರಿಗೆಲ್ಲ ಗೊತ್ತು. ಒಂದಕ್ಕೆ ಹೋಗಬೇಕಾದ ಮಗು ಬಾಯಿ ಬಿಟ್ಟು ಕೇಳುವುದಿಲ್ಲ, ಕಿರುಬೆರಳು ಎತ್ತುತ್ತದೆ. ಟೀಚರು ಪಾಠ ನಿಲ್ಲಿಸುವುದಿಲ್ಲ, ತಲೆಯಾಡಿಸುತ್ತಾರೆ. ಮಗು ಓಡುತ್ತದೆ. ಇಷ್ಟೂ ಒಂದು ಉಸಿರಿನಲ್ಲಿ ಆಗುವ ವ್ಯವಹಾರ. ಗಾಳಿ ಘಟ್ಟಕ್ಕೆ ಬಡಿಯುತ್ತದೆ ಎಂದು ಹೇಳುತ್ತಿದ್ದ ಮಂಗಳಾ ಕಿಟಕಿಯ ಪಕ್ಕದ ಹಿಂದಿನ ಬೆಂಚಿನ ಕಡೆ ನೋಡಿ, ಮಾತು ನಿಲ್ಲಿಸದೆ, ಹಾಗೆಯೇ ಒಮ್ಮೆ ತಲೆಯಾಡಿಸಿದಳು.

ನಾನು ಚಾಚಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡೆ.

ಯಾಕೆ ಎಳೆದುಕೊಂಡೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಣ್ಣ ಮಗುವೊಂದು ಅವಸರದಲ್ಲಿ ಹಾಯ್ದು ಹೋಗುವಾಗ ದಾರಿ ಬಿಡುತ್ತೇವಲ್ಲ, ಹಾಗೆ. ಮೊಣಕಾಲಿಗೆ ಏನೋ ಸವರಿದಂತಾಯಿತು ಎಂದರೆ ಸುಳ್ಳಾದೀತು, ಆಗಲಿಲ್ಲ ಎಂದರೂ ಸುಳ್ಳಾದೀತು. ಕಾಲು ಎಳೆದುಕೊಂಡ ಮೇಲೆ ಒಳಗೆ ನೋಡಿದೆ. ಆ ಅಧಿಕಾರಿಯ ತಲೆ ಬೆಂಚಿನಿಂದ ಬಾಗಿಲ ತನಕ ಮೆಲ್ಲಗೆ ತಿರುಗಿ, ನನ್ನತ್ತ ನಿಂತಿತ್ತು.

ಪಾಠ ಮುಗಿಯಿತು. ಅವರು ತುಂಬ ಚೆನ್ನಾಗಿತ್ತು ಎಂದು ಏಳಹೋದರು. ಮಂಗಳಾ ಸೀಮೆಸುಣ್ಣ ಕೆಳಗಿಡಲಿಲ್ಲ. "ಒಂದು ನಿಮಿಷ ಮೇಡಂ, ಒಂದು ಮಗು ಹೊರಗೆ ಹೋಗಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಅವಳದೊಂದು ಕಟ್ಟುನಿಟ್ಟು. ಹೊರಗೆ ಕಳಿಸಿದ ಮಗು ವಾಪಸು ಬಂದು ಕೂರುವ ತನಕ ತರಗತಿ ಬಿಡುತ್ತಿರಲಿಲ್ಲ. ಬೆಲ್ಲು ಹೊಡೆದು ಮುಂದಿನ ಮೇಷ್ಟ್ರು ಬಾಗಿಲಲ್ಲಿ ಗೊಣಗುತ್ತ ನಿಂತರೂ ಅಷ್ಟೆ. ಕಳಿಸಿದವಳು ನಾನು, ಎಣಿಸಿಕೊಳ್ಳಬೇಕಾದವಳೂ ನಾನು ಎನ್ನುತ್ತಿದ್ದಳು. ಆದರೆ ಅದನ್ನು ಇಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ಕೋಣೆಯಲ್ಲಿ ಹೇಳಿಬಿಟ್ಟಳು. ಹೋಯಿತು ಕೆಲಸ, ಹುಚ್ಚಿ ಅಂದುಕೊಂಡರು ಎಂದು ಆ ಅಧಿಕಾರಿಯತ್ತ ನೋಡಿದೆ. ಅವರು ನಗಲಿಲ್ಲ. ಪೆನ್ನಿನ ಕ್ಯಾಪು ಹಾಕಿ ಮತ್ತೆ ಕೂತರು. "ಕಾಯೋಣ," ಎಂದರು ಇಂಗ್ಲಿಷಿನಲ್ಲಿ.

ಮೂರು ಜನ ದೊಡ್ಡವರು ಖಾಲಿ ತರಗತಿಯಲ್ಲಿ ಒಂದು ಮಗುವಿಗೆ ಕಾದೆವು. ಮಾದಯ್ಯ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಂದ.

"ಮುಗೀತಾ ಸಾ? ಬೀಗ ಆಕಂಡು ನಾನು ಕುದೇರ್ಗೆ ಓಗ್ಬೇಕು."

"ಒಂದು ಮಗು ಹೊರಗೆ ಹೋಗಿದೆ ಮಾದಯ್ಯ," ಎಂದಳು ಮಂಗಳಾ.

"ಯಾವ ಮಗಾ ಮೇಡಮ್ಮೋರೆ? ಇವತ್ತು ಬಾನ್ವಾರ ಅಲ್ವಾ? ಗೇಟ್ತಾವ ನಾನೇ ಕೂತಿವ್ನಿ, ಒಂದು ನಾಯಿನೂ ಒಳಕ್ಕೆ ಬುಟ್ಟಿಲ್ಲ." ನನ್ನ ಕಡೆ ತಿರುಗಿ ದನಿ ಇಳಿಸಿದ. "ಅಮ್ಮೋರು ಊಟ ಮಾಡವ್ರಾ ಸಾ? ಬಿಸ್ಲು ನೆತ್ತಿಗೇರೈತೆ ಅನ್ಸ್ತದೆ."

ನಾನೂ ಹಾಗೆಯೇ ಅಂದುಕೊಳ್ಳಲು ಸಿದ್ಧನಿದ್ದೆ. ಅವಳ ಸಮಾಧಾನಕ್ಕೆ ಹಿತ್ತಿಲ ಕಡೆ ನೋಡಿಬರೋಣ ಎಂದು ಅವನನ್ನು ಕರೆದುಕೊಂಡು ಹೋದೆ. ಕಟ್ಟಡದ ಹಿಂದೆ ಹುಡುಗರು ಒಂದಕ್ಕೆ ಹೋಗುವ ಗೋಡೆಯಿತ್ತು. ಬಿಸಿಲಿಗೆ ಕಾದು ಬೆಳ್ಳಗಿತ್ತು. ಅದರ ಮೇಲೆ, ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಹಸಿಯ ಗುರುತು. ಕೆಳಗೆ ಮಣ್ಣು ಇನ್ನೂ ನೊರೆಯಾಡುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಅಂಚಿನಿಂದ ಒಣಗುತ್ತ ಬಂತು.

"ನಾಯಿ," ಎಂದೆ.

"ಊಂ ಸಾ, ನಾಯಿ," ಎಂದ ಮಾದಯ್ಯ. ಒಂದು ನಾಯಿಯನ್ನೂ ಬಿಟ್ಟಿಲ್ಲವೆಂದವನು ಅವನೇ. ಅಷ್ಟೆತ್ತರಕ್ಕೆ ಕಾಲೆತ್ತುವ ನಾಯಿ ಚಾಮರಾಜನಗರದಲ್ಲಿ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗಾಜಿನ ಚೂರಿನ ಗೋಡೆಯನ್ನು ಒಂದು ಸುತ್ತು ನೋಡಿದೆವು. ಎಲ್ಲೂ ಕಿಂಡಿಯಿರಲಿಲ್ಲ. ಹಿಂತಿರುಗುವಾಗ ಮಾದಯ್ಯ ನನಗಿಂತ ಮುಂದೆ, ಹೆಚ್ಚುಕಡಿಮೆ ಓಡುತ್ತ ನಡೆದ.

ನಾನು ಒಳಗೆ ಏನೂ ಹೇಳಲಿಲ್ಲ. ನೆರಳು ಉದ್ದವಾಗುವ ತನಕ ಕಾದೆವು. ಕೊನೆಗೆ ಅಧಿಕಾರಿಯನ್ನು ಕರೆದೊಯ್ಯಲು ಬಂದ ಕಾರು ಹಾರ್ನ್ ಮೇಲೆ ಹಾರ್ನ್ ಮಾಡಿತು. ಅವರು ಎದ್ದು ಮಂಗಳಾಳ ಎರಡೂ ಕೈ ಹಿಡಿದು, ನಮಗೆ ಬೇಕಾದ ಟೀಚರು ನೀವೇ ಎಂದರು. ಕಾರಿನ ತನಕ ನಾನು ಹಿಂದೆಯೇ ಹೋದೆ. ನೀವೇನು ನೋಡಿದಿರಿ ಎಂದು ಕೇಳಿದೆ. ಏನೂ ನೋಡಲಿಲ್ಲ ಎಂದರು. ಆಮೇಲೆ, ಆದರೂ ತಲೆ ತಾನಾಗಿ ತಿರುಗಿತು ಎಂದು ಹೇಳಿ ಬಾಗಿಲು ಹಾಕಿಕೊಂಡರು.

"ಬಾಗ್ಲು ಒಂದು ತೆಗ್ದಿಟ್ಟಿರಪ್ಪಾ," ಎಂದು ಮಂಗಳಾ ಮಾದಯ್ಯನನ್ನು ಬೇಡಿಕೊಂಡಳು.

"ಆಗಲ್ಲ ಕಣವ್ವ, ಬುಟ್ಬುಡಿ," ಎಂದು ಅವನು ಬೀಗ ಜಡಿದ.

ಬಸ್ಸಿನಲ್ಲಿ ಕೇಳಿದೆ, ಮಗು ನೋಡಲು ಹೇಗಿತ್ತು ಎಂದು. "ಮುಖ ನೋಡ್ಲಿಲ್ಲ ರೀ. ಬೆರಳು ನೋಡ್ದೆ, ಹ್ಞೂ ಅಂದೆ," ಎಂದಳು.

ಆಮೇಲೆ ನಾನು ವಿಚಾರಿಸಿದೆ. ಆ ಶಾಲೆಯಲ್ಲಿ ಯಾವ ಮಗುವೂ ಸತ್ತಿರಲಿಲ್ಲ, ಕಾಣೆಯಾಗಿರಲಿಲ್ಲ. ಸತ್ತಿದ್ದರೆ ಅದಕ್ಕೊಂದು ಹೆಸರು, ಒಂದು ಕಾರಣ ಇರುತ್ತಿತ್ತು. ನನ್ನಂಥವನಿಗೆ ಅದು ಎಷ್ಟೋ ಸಮಾಧಾನ ಕೊಡುತ್ತಿತ್ತು.

ಕೆಲವು ವಾರಗಳಲ್ಲಿ ನೇಮಕದ ಆದೇಶ ಬಂತು. ಹೆಸರು ಸರಿಯಾಗಿತ್ತು. ಏಜೆಂಟ್ ಓಡಿಹೋಗಿರಲಿಲ್ಲ. ಸಂಬಳ ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ಪೂರ್ಣಾವಧಿ ಶಿಕ್ಷಕಿ ಎಂದು ಅವಳ ಹೆಸರಿನ ಮುಂದೆ ಅಚ್ಚಾಗಿತ್ತು. ಅದನ್ನು ಅವಳು ಮತ್ತೆ ಮತ್ತೆ ಓದಿದಳು. ನಂತರ ಮಡಚಿಟ್ಟು, "ನಾನು ಹೋಗಲ್ಲ," ಎಂದಳು.

ಹೋಗಬೇಡ ಎನ್ನಲು ತಿಂಗಳುಗಟ್ಟಲೆ ಕಾರಣ ಹುಡುಕಿದ್ದವನು ಈಗ ಹೋಗು ಎಂದು ವಾದಿಸಲು ಕೂತೆ. ಬಿಸಿಲು, ಹಸಿವು, ಅಭ್ಯಾಸಬಲ ಎಂದೆ. ಎಷ್ಟು ವರ್ಷ ತರಗತಿಯಲ್ಲಿ ನಿಂತಿದ್ದೀಯ, ತಲೆ ತಾನಾಗಿ ಆಡಿತು, ಅದಕ್ಕೆ ಜೀವನವನ್ನೇ ಬಲಿಕೊಡುತ್ತಾರೆಯೇ ಎಂದೆ. ದೋಣಿಗಳು ಬಹಳ ಭದ್ರವಂತೆ ಎಂದೂ ಹೇಳಿದೆ, ದೇವರಾಣೆಗೂ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಸರಿ ರೀ. ನನ್ನ ತಲೆ ಅಭ್ಯಾಸಕ್ಕೆ ಆಡ್ತು. ನೀವು ಕಾಲು ಯಾಕೆ ಎಳ್ಕೊಂಡ್ರಿ?"

ಅವಳು ಅದನ್ನು ನೋಡಿದ್ದಳೆಂದು ನನಗೆ ಗೊತ್ತಿರಲಿಲ್ಲ. ಮಡಚಿದ ಆದೇಶವನ್ನು ತೆಗೆದು ನಾನೇ ಬೀರುವಿನಲ್ಲಿಟ್ಟೆ.

ಆ ಜೂನ್‌ನಲ್ಲಿ ಅವಳು ಚಾಮರಾಜನಗರದ ಅದೇ ಶಾಲೆಗೆ ಹೋಗಿ ಕೆಲಸ ಕೇಳಿದಳು. ಕೊಟ್ಟರು, ಮತ್ತೆ ಹಂಗಾಮಿಯಾಗಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಬೆಳಗ್ಗೆ ಮೊದಲ ಬಸ್ಸಿಗೆ ಹೋಗುತ್ತಾಳೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೂ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಾಗಿಲ ಕಡೆ ಮುಖ ಮಾಡಿ ಕೂರುತ್ತಾಳಂತೆ. ಅವಳು ಬರುವುದು ತಡವಾದ ಸಂಜೆಗಳಲ್ಲಿ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಏನೇನೋ ಯೋಚಿಸುತ್ತೇನೆ. ಕಾಯುವುದು ಮುಗಿದ ದಿನ ಅವಳು ಏನು ಮಾಡುತ್ತಾಳೆ, ಆ ಮಗು ಬಂದರೆ ಒಬ್ಬಂಟಿಯಾಗಿ ಬರುತ್ತದೋ ಅವಳನ್ನೂ ಕರೆದುಕೊಂಡು ಹೋಗುತ್ತದೋ ಎಂದು.

ವಿಮಾನ ಬೀಳಲಿಲ್ಲ, ದೋಣಿ ಮಗುಚಲಿಲ್ಲ, ದ್ವೀಪ ಈಗಲೂ ನೀರಿನ ಮೇಲಿದೆ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ತರಗತಿಯಿಂದ ಹೊರಗೆ ಹೋದ ಒಂದು ಮಗು ಮಾತ್ರ ಇನ್ನೂ ವಾಪಸು ಬಂದಿಲ್ಲ.