ಒದ್ದೆ ಕಾಗದದ ಟೆಗ್ವೆನ್

ಬೆಳಗಿನ ಆರೂವರೆ. ಅಬೆರಿಸ್ಟ್‌ವಿತ್ ಬಂದರಿನ ಹಿಂದೆ, ಒಂದು ಕಾಲಕ್ಕೆ ಉಣ್ಣೆಯ ಮೂಟೆಗಳನ್ನು ಒಟ್ಟುತ್ತಿದ್ದ ಗೋದಾಮಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮೊದಲ ಬಸ್ಸಿಗೆ ಬಂದಿಳಿದ ಟೆಗ್ವೆನ್ ಬೆಬ್ ಕೋಟು ಬಿಚ್ಚಿ, ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳುತ್ತಾರೆ. ಮೇಜಿನ ಮೇಲೆ ನಿನ್ನೆ ಫ್ರೀಜರಿನಿಂದ ಹೊರತೆಗೆದಿಟ್ಟ ಒಂದು ನೋಟುಪುಸ್ತಕವಿದೆ. ಹನ್ನೊಂದು ವರ್ಷದ ಹಿಂದೆ ನದಿಯ ನೀರು ಕುಡಿದು ಉಬ್ಬಿ, ಹಾಗೆಯೇ ಮರಗಟ್ಟಿದ್ದ ಅದು ರಾತ್ರಿ ಕಳೆಯುವಷ್ಟರಲ್ಲಿ ಮೆತ್ತಗಾಗಿದೆ. ಟೆಗ್ವೆನ್ ಅದರ ಮೂಲೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ಉಗುರಿನಷ್ಟು ತೆಳ್ಳಗಿನ ಎಲುಬಿನ ಪಟ್ಟಿಯನ್ನು ಎರಡು ಹಾಳೆಗಳ ನಡುವೆ ತೂರಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಮುಂದೆ ತಳ್ಳುತ್ತಾರೆ.

"ಬಲ ಹಾಕಿದ್ರೆ ಹರಿಯುತ್ತೆ. ಹೆದರಿ ಕೈ ನಡುಗಿದ್ರೂ ಹರಿಯುತ್ತೆ" ಎನ್ನುತ್ತಾರೆ ಅವರು, ಕಣ್ಣು ಮೇಲೆತ್ತದೆ. "ಮಲಗಿರೋ ಮಗೂನ ಹೊದಿಕೆಯಿಂದ ಎತ್ತೋ ಹಾಗೆ ಎತ್ತಬೇಕು. ಎದ್ದೇಳಬಾರದು, ಅಷ್ಟೆ."

ಇಪ್ಪತ್ತು ನಿಮಿಷಕ್ಕೆ ಒಂದು ಹಾಳೆ ಬಿಡಿಸಿಕೊಂಡು ಬರುತ್ತದೆ. ಅದರ ಮೇಲೆ ನೀಲಿ ಶಾಯಿಯ ಬರಹ. ಬೂದು ಬಣ್ಣದ ಬೂಷ್ಟನ್ನು ಮೇಕೆಕೂದಲಿನ ಕುಂಚದಿಂದ ಒಂದೇ ದಿಕ್ಕಿಗೆ ಗುಡಿಸಿ, ಹಾಳೆಯನ್ನು ಒತ್ತುಕಾಗದದ ನಡುವೆ ಮಲಗಿಸುತ್ತಾರೆ. ದಿನಕ್ಕೆ ಇಂಥವು ಹದಿನೆಂಟು, ಹವೆ ಒಣಗಿದ್ದರೆ ಇಪ್ಪತ್ತೆರಡು. ಈವರೆಗೆ ನಲವತ್ತು ಪೆಟ್ಟಿಗೆ ಮುಗಿದಿವೆ, ಮೂರು ಉಳಿದಿವೆ. ಇಷ್ಟೂ ಒಬ್ಬಳೇ ಹೆಂಗಸು ಬಿಟ್ಟುಹೋದದ್ದು. ಆಕೆ ಲೂನೆಡ್ ಅರ್ವೆಲ್, ವೆಲ್ಷ್ ರಂಗಭೂಮಿಯ ನಟಿ. ನಲವತ್ತೈದು ವರ್ಷ ಊರೂರಿನ ಸಭಾಭವನಗಳಲ್ಲಿ, ಪ್ರಾರ್ಥನಾ ಮಂದಿರದ ಹಿಂಗೋಣೆಗಳಲ್ಲಿ, ಶಾಲೆಯ ಊಟದ ಮನೆಯಲ್ಲೂ ರಾಣಿಯಾಗಿ, ಬಾಣಂತಿಯಾಗಿ, ಗಣಿಯಲ್ಲಿ ಗಂಡನನ್ನು ಕಳೆದುಕೊಂಡವಳಾಗಿ ನಿಂತವರು. ಅವರು ತೀರಿಕೊಂಡಾಗ ಪತ್ರಿಕೆಗಳು ಅರ್ಧ ಪುಟ ಬರೆದವು. ಅವರ ಕಾಗದಗಳನ್ನು ಉಳಿಸಿದ ಟೆಗ್ವೆನ್ ಬಗ್ಗೆ ಯಾರೂ ಅರ್ಧ ಸಾಲು ಬರೆದಿಲ್ಲ.

ಟೆಗ್ವೆನ್‌ಗೆ ಈಗ ಅರವತ್ಮೂರು. ಹದಿನಾರಕ್ಕೆ ಶಾಲೆ ಬಿಟ್ಟವರು. ಮೂವತ್ತೈದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದರು. ರಕ್ತದ ಕಲೆಗೆ ತಣ್ಣೀರು, ಅಯೋಡಿನ್ನಿಗೆ ಇನ್ನೊಂದು, ಬೂಷ್ಟಿಗೆ ಮತ್ತೊಂದು. ಬಟ್ಟೆಯ ಕಲೆಗೂ ರಂಗದ ಕಲೆಗೂ ನಮ್ಮ ಕನ್ನಡದಲ್ಲಿ ಒಂದೇ ಮಾತು. ಕಲೆ ತೆಗೆಯುತ್ತಿದ್ದ ಕೈ ಮುಂದೆ ಕಲೆ ಉಳಿಸಿತು. ಯಂತ್ರಗಳು ಹಳತಾದವು, ವಿಭಾಗ ಮುಚ್ಚಿತು. ಐವತ್ತೊಂದನೆಯ ವಯಸ್ಸಿನಲ್ಲಿ ಅವರು ಮಖಂತ್ಲೆತ್ ಊರಿನಲ್ಲಿ ಮನೆಮನೆಯ ನೆಲ ಒರೆಸತೊಡಗಿದರು. ಅದೇ ವರ್ಷ ಗಂಡನೂ ತೀರಿಹೋದ. ಆ ಸಂಗತಿಯನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ, ಮುಂದಿನ ಮಾತಿಗೆ ದಾಟುತ್ತಾರೆ.

ಮರು ಚಳಿಗಾಲದಲ್ಲಿ ಡವಿ ನದಿ ದಡ ಮೀರಿತು. ಲೂನೆಡ್ ತೀರಿಕೊಂಡು ಆಗಲೇ ವರ್ಷವಾಗಿತ್ತು. ಬೀಗ ಹಾಕಿದ್ದ ಅವರ ಮನೆಯೊಳಗೆ ಸೊಂಟದುದ್ದ ನೀರು ನಿಂತು ಇಳಿಯಿತು. ಮನೆ ಲೂನೆಡ್ ಅವರ ಅಕ್ಕನ ಮಗಳು ಹೆಲೆದ್ ಪಾಲಿಗೆ ಬಂದಿತ್ತು. ನಿವೃತ್ತ ಶಾಲಾ ಅಧಿಕಾರಿಯಾದ ಹೆಲೆದ್, ಕೆಸರು ತೆಗೆಯಲು ಟೆಗ್ವೆನ್ ಅವರನ್ನು ಕರೆಸಿದರು, ಬಾಗಿಲಿಗೆ ಕಸದ ತೊಟ್ಟಿಯನ್ನೂ ತರಿಸಿದರು.

"ಮಹಡಿ ಮೆಟ್ಟಿಲ ಕೆಳಗೆ ಪೆಟ್ಟಿಗೆ ಮೇಲೆ ಪೆಟ್ಟಿಗೆ" ಎಂದು ಟೆಗ್ವೆನ್ ನೆನೆಯುತ್ತಾರೆ. "'ಎಲ್ಲಾ ತೊಟ್ಟಿಗೆ ಹಾಕಿ' ಅಂದ್ರು ಹೆಲೆದ್. ಮೊದಲನೇದು ಎತ್ತಿದೆ, ತಳ ಕಿತ್ತು ಹೋಯ್ತು. ಕಾಗದ ಎಲ್ಲಾ ಕಾಲ ಮೇಲೆ ಬಿತ್ತು. ಒಂದು ಹಾಳೆ ಮೇಲೆ ಒಂದೇ ಸಾಲನ್ನ ಮೂವತ್ತು ಸಲ ಬರ್ದಿತ್ತು. ತಪ್ಪು ಮಾಡಿದ ಮಕ್ಕಳ ಹತ್ರ ಬರೆಸ್ತಾರಲ್ಲ, ಹಾಗೆ. ಇಷ್ಟು ದೊಡ್ಡ ನಟಿ, ಇವರಿಗೆ ಯಾರು ಶಿಕ್ಷೆ ಕೊಟ್ಟಿದ್ದು ಅನ್ಸಿತು. ಬಿಸಾಕೋಕೆ ಕೈ ಬರಲಿಲ್ಲ."

ಲೂನೆಡ್ ನಾಟಕವನ್ನು ಟೆಗ್ವೆನ್ ಒಮ್ಮೆಯೂ ನೋಡಿರಲಿಲ್ಲ. ಕಂಡದ್ದು ಮಾಂಸದಂಗಡಿಯ ಸಾಲಿನಲ್ಲಿ ಮಾತ್ರ. "ಎರಡು ಸಾಸೇಜು ಕೇಳೋದನ್ನೂ ದಂಡೆತ್ತಿ ಹೋಗೋಕೆ ಅಪ್ಪಣೆ ಕೊಟ್ಟ ಹಾಗೆ ಕೇಳೋರು. ಅಂಗಡಿಯ ಎಮ್ರಿಸ್‌ ಮೂರು ಹಾಕಿಬಿಡ್ತಿದ್ದ."

ಅಂದು ಅವರು ಕೆಸರುಗೈಯಲ್ಲೇ ಅಬೆರಿಸ್ಟ್‌ವಿತ್‌ನ ದಾಖಲೆ ಭಂಡಾರಕ್ಕೆ ಫೋನು ಮಾಡಿದರು. ಎತ್ತಿದವರು ಭಂಡಾರದ ಮುಖ್ಯಸ್ಥ ಯೊರ್ವೆರ್ತ್ ಪ್ಯೂ. "ಬೆಂಕಿ ಹತ್ತಿರ ಇಡಬೇಡಿ, ಬಿಸಿಲಿಗೂ ಬೇಡ. ಎರಡು ದಿನದಲ್ಲಿ ಬೂಷ್ಟು ತಿಂದು ಮುಗಿಸುತ್ತೆ. ಎಲ್ಲಾದರೂ ದೊಡ್ಡ ಫ್ರೀಜರು ಸಿಗುತ್ತಾ?" ಎಂದರು ಅವರು. ರಸ್ತೆಗೆ ಮರ ಬಿದ್ದಿತ್ತು, ಗಾಡಿ ಕಳಿಸಲು ನಾಲ್ಕು ದಿನ ಬೇಕಿತ್ತು. ಟೆಗ್ವೆನ್ ಹೆಲೆದ್ ಕಡೆ ತಿರುಗಿ ಕೇಳಿದರು. "ತಗೊಂಡು ಹೋಗಿ, ನನಗಂತೂ ಮನೆ ಖಾಲಿ ಆದ್ರೆ ಸಾಕು" ಎಂದರು ಹೆಲೆದ್. ಟೆಗ್ವೆನ್ ತಳ್ಳುಗಾಡಿಯಲ್ಲಿ ಒಂದೊಂದೇ ಪೆಟ್ಟಿಗೆಯನ್ನು ಮಾಂಸದಂಗಡಿಗೆ ಸಾಗಿಸಿದರು.

"ನನ್ನ ಕುರಿಗಳು ಎಲ್ಲಿಗೆ ಹೋಗಬೇಕು?" ಎಂದು ಎಮ್ರಿಸ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದನಂತೆ.

"ಮಾರಿಬಿಡು. ಇವತ್ತು ಊರಿಗೆಲ್ಲ ಅಗ್ಗದ ಕುರಿಮಾಂಸ ಅಂತ ಬೋರ್ಡು ಹಾಕು. ಲೂನೆಡ್ ಹೆಸರಲ್ಲಿ ಒಂದು ಪುಣ್ಯ ಕಟ್ಕೋ."

ಆ ವಾರ ಮಖಂತ್ಲೆತ್‌ನ ಮನೆಮನೆಯಲ್ಲೂ ಕುರಿಮಾಂಸದ ಸಾರು ಕುದಿಯಿತು. ನಲವತ್ಮೂರು ಪೆಟ್ಟಿಗೆಗಳು ಹೆಪ್ಪುಗಟ್ಟಿ ಉಳಿದವು. ಯೊರ್ವೆರ್ತ್ ಅವುಗಳನ್ನು ಒಯ್ಯುವಾಗ ಟೆಗ್ವೆನ್ ಅವರನ್ನೂ ಮೂರು ತಿಂಗಳ ಮಟ್ಟಿಗೆ ಕೆಲಸಕ್ಕೆ ಕರೆದರು. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ. ಊರಿನಲ್ಲಿ ಒಂದೇ ಹೆಸರಿನವರು ಬಹಳ ಇರುವುದರಿಂದ ಕಸುಬನ್ನೂ ಸೇರಿಸಿ ಕರೆಯುವುದು ರೂಢಿ. ಲಾಂಡ್ರಿ ಟೆಗ್ವೆನ್ ಆಗಿದ್ದವರು ಈಗ ಒದ್ದೆ ಕಾಗದದ ಟೆಗ್ವೆನ್.

ಕಷ್ಟ ಏನೂ ಇಲ್ಲವೆಂದಲ್ಲ. ಬೂಷ್ಟಿನ ದೂಳಿಗೆ ಎರಡು ಚಳಿಗಾಲ ಎದೆ ಕಟ್ಟಿ ಮಲಗಿದ್ದರು. ಕತ್ತು ಬಲಕ್ಕೆ ಪೂರ್ತಿ ತಿರುಗುವುದಿಲ್ಲ. ಮೊದಲ ವರ್ಷ, ಪದವಿ ಪಡೆದು ಬಂದವರ ನಡುವೆ ಚಹಾದ ಹೊತ್ತಿಗೆ ಕೂರಲೂ ಸಂಕೋಚಪಟ್ಟು, ಮನೆಯಿಂದ ತಂದ ಒಣದ್ರಾಕ್ಷಿ ಬ್ರೆಡ್ಡನ್ನು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರಂತೆ. ಈಗ ಅದೇ ಪದವೀಧರರು, ಅಂಟಿಕೊಂಡ ಹಾಳೆ ಎದುರಾದರೆ ಅವರ ಮೇಜಿಗೆ ತಂದಿಡುತ್ತಾರೆ.

ನಿಜವಾದ ಪರೀಕ್ಷೆ ಬಂದದ್ದು ಎರಡು ವರ್ಷದ ಹಿಂದೆ, ಮೂವತ್ಮೂರನೆಯ ಪೆಟ್ಟಿಗೆ ತೆರೆದಾಗ. ಅದರಲ್ಲಿ ಹನ್ನೊಂದು ನೋಟುಪುಸ್ತಕಗಳಿದ್ದವು.

ಲೂನೆಡ್ ಮೂವತ್ತೆಂಟರ ವಯಸ್ಸಿನಲ್ಲಿ ಮೂರು ವರ್ಷ ರಂಗದಿಂದ ದೂರವಿದ್ದರು. ಮೂತ್ರಪಿಂಡದ ಕಾಯಿಲೆ ಎಂದು ಮನೆಯವರು ಎಲ್ಲರಿಗೂ ಹೇಳಿದ್ದರು. ನೋಟುಪುಸ್ತಕಗಳು ಬೇರೆಯದನ್ನೇ ಹೇಳುತ್ತಿದ್ದವು. ಬೇಸಿಗೆಯ ಉತ್ಸವದ ಡೇರೆಯಲ್ಲಿ, ಕಿಕ್ಕಿರಿದ ಜನರ ಮುಂದೆ, ರಾಣಿಯ ಪಾತ್ರದ ನಡುವೆ ಅವರಿಗೆ ಮಾತು ಮರೆತುಹೋಗಿತ್ತು. ಪರದೆಯ ಮರೆಯಿಂದ ಸಾಲು ಎತ್ತಿಕೊಟ್ಟದ್ದೂ ಕೇಳಿಸಲಿಲ್ಲ. ಎರಡು ನಿಮಿಷ ನಿಂತು, ರಂಗದಿಂದಿಳಿದು, ಡೇರೆಯನ್ನೂ ದಾಟಿ ನೆಟ್ಟಗೆ ಬಸ್ಸು ಹತ್ತಿದ್ದರು. 'ಕಂಡಕ್ಟರು ಟಿಕೆಟ್ಟು ಕೇಳಿದ. ರಾಣಿಯ ಉಡುಪಿಗೆ ಜೇಬಿರಲಿಲ್ಲ' ಎಂದು ಬರೆದುಕೊಂಡಿದ್ದಾರೆ. ಆಮೇಲೆ ಔಷಧಿ ಅಂಗಡಿಯ ಕಟ್ಟೆಯ ಹಿಂದೆ ಕೆಲಸ. ಸಂಜೆಯಾದರೆ ನೋಟುಪುಸ್ತಕ. ಒಂದೇ ಸಾಲು ಮೂವತ್ತು ಸಲ. ಇವತ್ತು ನಾಲ್ಕು ಸಾಲು ನೆನಪಿತ್ತು, ಇವತ್ತು ಒಂದೂ ಇಲ್ಲ, ಇವತ್ತು ಅಂಗಡಿಯ ಬೆಕ್ಕಿನ ಮುಂದೆ ಏಳು ಸಾಲು.

"ಓದ್ತಾ ಓದ್ತಾ ನಾನು ಮಾಸ್ಕ್ ತೆಗೆದು ಹೊರಗೆ ಹೋಗಿ ನಿಂತುಬಿಟ್ಟೆ" ಎನ್ನುತ್ತಾರೆ ಟೆಗ್ವೆನ್. "ಹಾಳೆ ಮೇಲೆ ಕಣ್ಣೀರು ಬಿದ್ರೆ ಶಾಯಿ ಹರಡುತ್ತೆ."

ಒಪ್ಪಂದದಂತೆ, ಕಾಗದಗಳನ್ನು ಸಾರ್ವಜನಿಕರಿಗೆ ತೆರೆಯುವ ಮೊದಲು ಹೆಲೆದ್ ಒಪ್ಪಿಗೆ ಬೇಕು. ಯೊರ್ವೆರ್ತ್ ವಿಷಯ ತಿಳಿಸಿದರು. ಉತ್ತರ ಮೂರೇ ಸಾಲಿನಲ್ಲಿ ಬಂತು. ಮಿಕ್ಕಿದ್ದೆಲ್ಲ ತೆರೆಯಿರಿ, ಆ ಹನ್ನೊಂದು ನನಗೆ ವಾಪಸು ಬೇಕು, ಚಿಕ್ಕಮ್ಮನ ಮರ್ಯಾದೆಯ ಪ್ರಶ್ನೆ. ಫೋನಿನಲ್ಲಿ ಇನ್ನೂ ನೇರವಾಗಿಯೇ ಹೇಳಿದರು: ಸುಟ್ಟುಹಾಕುತ್ತೇನೆ.

ವಾದ ಮಾಡುವ ಅಧಿಕಾರ ಟೆಗ್ವೆನ್‌ಗೆ ಇರಲಿಲ್ಲ. ಹೆಲೆದ್ ಬಂದ ದಿನ ಅವರು ನೋಟುಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ, ಕುರ್ಚಿ ಎಳೆದು ಕೊಟ್ಟರು. "ತಗೊಂಡು ಹೋಗಿ ಅಮ್ಮ, ನಿಮ್ಮದೇ. ಆದ್ರೆ ನಿಯಮ ಒಂದಿದೆ. ಪ್ರತಿ ಪುಟ ಸರಿಯಾಗಿದೆಯಾ ಅಂತ ವಾರಸುದಾರರು ಖುದ್ದಾಗಿ ನೋಡಿ ಸಹಿ ಹಾಕಬೇಕು."

"ಎಷ್ಟು ಪುಟ?"

"ಎಂಟುನೂರ ಹದಿನಾಲ್ಕು."

ಪಕ್ಕದ ಕೋಣೆಯಲ್ಲಿ ಯೊರ್ವೆರ್ತ್ ಕೆಮ್ಮಿದರು. ಅಂಥ ನಿಯಮ ಎಲ್ಲೂ ಇಲ್ಲ. "ಸುಳ್ಳು ಹೇಳಿದ್ದು ತಪ್ಪೇ. ಅದನ್ನ ಆಮೇಲೆ ಅವರಿಗೇ ಹೇಳಿ ಕ್ಷಮೆ ಕೇಳಿದೆ" ಎಂದು ಟೆಗ್ವೆನ್ ನಗುತ್ತಾರೆ. "ಅವರು ಓದಿ ಸುಟ್ಟಿದ್ರೆ ನಾನು ಸುಮ್ಮನಿರ್ತಿದ್ದೆ. ಓದದೇ ಸುಡೋದು ನನಗೆ ಸರಿ ಕಾಣಲಿಲ್ಲ."

ಮೊದಲ ದಿನ ಹೆಲೆದ್ ತುಟಿ ಬಿಗಿದು ಪುಟ ತಿರುವಿದರು. ಎರಡನೆಯ ದಿನ ಮಧ್ಯಾಹ್ನ, ಒಂಬತ್ತನೆಯ ಪುಸ್ತಕದಲ್ಲಿ ಅವರ ಕೈ ನಿಂತಿತು. ಟೆಗ್ವೆನ್ ತಲೆಯೆತ್ತಲಿಲ್ಲ, ಆ ಪುಟದಲ್ಲಿ ಏನಿದೆಯೆಂದು ಗೊತ್ತಿತ್ತು. 'ಇವತ್ತು ಹೆಲೆದ್ ನಾಟಕದ ಪುಸ್ತಕ ಹಿಡಿದು ಕೂತಳು. ಒಂಬತ್ತು ವರ್ಷದ ಹುಡುಗಿ, ಒಂದಕ್ಷರ ತಪ್ಪಿದರೂ ಬಿಡುವುದಿಲ್ಲ. ಮತ್ತೆ ಮೊದಲಿಂದ ಹೇಳು ಎನ್ನುತ್ತಾಳೆ. ತಪ್ಪಿದರೆ ನಗುತ್ತಾಳೆ, ಕನಿಕರ ತೋರುವುದಿಲ್ಲ. ಅವಳ ಮುಂದೆ ನನಗೆ ಹೆದರಿಕೆಯಾಗಲಿಲ್ಲ. ನಲವತ್ತು ಸಾಲು ಹೇಳಿದೆ. ಒಂದೂ ಬಿಡದೆ.'

"ಅಡುಗೆಮನೇಲಿ ನಾವು ಶಾಲೆ ಆಟ ಆಡ್ತಿದ್ದೀವಿ ಅಂದ್ಕೊಂಡಿದ್ದೆ" ಎಂದರು ಹೆಲೆದ್. "ನಾನು ಟೀಚರು, ಚಿಕ್ಕಮ್ಮ ಪೆದ್ದ ಹುಡುಗಿ. ಸೌಟಿನಿಂದ ಮೇಜು ಕುಟ್ತಿದ್ದೆ ಕಣ್ರೀ."

"ಸೌಟಿನ ವಿಷಯಾನೂ ಇದೆ. ಇನ್ನು ಆರು ಪುಟ ಮುಂದೆ."

ಹೆಲೆದ್ ಅಳುತ್ತಲೇ ನಕ್ಕರು. ಟೆಗ್ವೆನ್ ಒತ್ತುಕಾಗದದ ಒಂದು ಚೂರು ಅವರ ಕೈಗಿತ್ತರು, ನೋಟುಪುಸ್ತಕವನ್ನು ಮೆಲ್ಲಗೆ ಆಚೆ ಸರಿಸಿದರು. ಮೂರನೆಯ ದಿನ ಹೆಲೆದ್ ಸಹಿ ಹಾಕಿದ್ದು ಬೇರೆ ಕಾಗದಕ್ಕೆ: ಹನ್ನೊಂದನ್ನೂ ಎಲ್ಲರೂ ನೋಡಬಹುದು.

ಕಳೆದ ವರ್ಷ ನೂರಾ ಹತ್ತು ಮಂದಿ ಬಂದು ಅವನ್ನು ಓದಿದ್ದಾರೆ. ನಟರೇ ಹೆಚ್ಚು. ತೊದಲುವ ಮಗಳನ್ನು ಕರೆತಂದ ತಂದೆಯೊಬ್ಬ, ಧರ್ಮೋಪದೇಶದ ನಡುವೆ ಮಾತು ನಿಂತುಹೋಗುವ ಪಾದ್ರಿಯೊಬ್ಬರು. ಇಪ್ಪತ್ತಾರರ ಮಾಬ್ಲಿ ಗ್ವಿಲಿಮ್ ಬಂದದ್ದು ಕಳೆದ ಶರತ್ಕಾಲದಲ್ಲಿ. ಲೂನೆಡ್ ಮರೆತ ಅದೇ ರಾಣಿಯ ಪಾತ್ರ ಅವಳಿಗೆ ಸಿಕ್ಕಿತ್ತು. ತಾಲೀಮಿನಲ್ಲಿ ಎರಡು ಸಲ ಬಾಯಿ ಕಟ್ಟಿಹೋಗಿ, ಪಾತ್ರ ಬಿಟ್ಟುಕೊಡುವ ಪತ್ರ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದಳು. ಒಂಬತ್ತು ದಿನ ಓದಿದಳು. ಪತ್ರ ಕೊಡಲಿಲ್ಲ. "ಇಷ್ಟು ದೊಡ್ಡವರೂ ಬೆಕ್ಕಿನ ಮುಂದೆ ಶುರು ಮಾಡಿದ್ರು ಅಂದ್ರೆ, ನನಗೂ ಒಂದು ಬೆಕ್ಕು ಸಿಗದೇ ಇರುತ್ತಾ?" ಎನ್ನುತ್ತಾಳೆ ಮಾಬ್ಲಿ. ನಾಟಕ ಬರುವ ಶನಿವಾರ, ಮಖಂತ್ಲೆತ್‌ನ ಸಭಾಭವನದಲ್ಲಿ.

ಟೆಗ್ವೆನ್ ಜೊತೆ ಮಾತಾಡುತ್ತಿರುವಾಗಲೇ ಮಾಬ್ಲಿ ಟಿಕೆಟ್ಟು ಹಿಡಿದು ಒಳಗೆ ಬರುತ್ತಾಳೆ. ಮುಂದಿನ ಸಾಲು, ನಟ್ಟನಡುವೆ, ಹೆಲೆದ್ ಪಕ್ಕದ ಕುರ್ಚಿ. ಟೆಗ್ವೆನ್ ಕೈ ಒರೆಸಿಕೊಂಡು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಕಾಗದ ಎಂಥದೆಂದು ಪರೀಕ್ಷಿಸುವವರಂತೆ. ಇಷ್ಟು ವರ್ಷ ಹತ್ತಿರದಲ್ಲಿದ್ದೂ ಅವರು ನೋಡಲಿರುವ ಮೊದಲ ನಾಟಕ ಇದು. ಭಂಡಾರದ ಸೂಚಿಪತ್ರದಲ್ಲಿ ನಿಮ್ಮ ಹೆಸರೂ ಬರಬೇಕಿತ್ತು ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. ಉಳಿದ ಮೂರು ಪೆಟ್ಟಿಗೆ ನಿವೃತ್ತಿಯೊಳಗೆ ಮುಗಿದರೆ ಸಾಕಂತೆ, ಅದಕ್ಕಿಂತ ದೊಡ್ಡ ಆಸೆ ಇಲ್ಲವಂತೆ.

ಮಾಬ್ಲಿ ಹೊರಡುತ್ತ ಬಾಗಿಲಲ್ಲಿ ನಿಲ್ಲುತ್ತಾಳೆ. "ಟೆಗ್ವೆನ್, ಅವತ್ತು ಏನಾದ್ರೂ ಮರೆತುಬಿಟ್ರೆ?"

"ಮರೆತರೆ ಮುಂದಿನ ಸಾಲಲ್ಲಿ ನನ್ನ ಕಡೆ ನೋಡು, ಮಗಳೇ" ಎನ್ನುತ್ತಾರೆ ಟೆಗ್ವೆನ್, ಮಾಸ್ಕ್ ಮತ್ತೆ ಕಟ್ಟಿಕೊಳ್ಳುತ್ತ. "ಆ ಪಾತ್ರದ ಒಂದೊಂದು ಸಾಲೂ ನಾನು ಮೂವತ್ತು ಸಲ ಒರೆಸಿದ್ದೀನಿ. ಇಡೀ ರಾಣಿ ನನಗೆ ಬಾಯಿಪಾಠ."